ಮಣ್ಣು ಮಾಡುವವರು

ಪ್ರಿಯ ಗೆಳತಿ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಅದರ ಕೊನೆಯ ಸಾಲು ನನ್ನ ಕೈ ಕಟ್ಟಿಹಾಕಿತ್ತು. “ಹೊಲದಾಗ ಅವ್ವನ್ನ ಕುಂದರಿಸಿ ಮಣ್ಣು ಕೊಟ್ಟು ಬಂದ್ವಿ. ಈಗ ಒಳಗ ಏನು ನಡದಿರತೈತಿ? ಸಮಾಧಾನ ಬ್ಯಾಡ, ಖರೇ ಹೇಳ್ರಿ” ಅಂತ ಬರೆದಿದ್ದಿರಿ. ಇಷ್ಟು ವರ್ಷ ನನ್ನ ಬರಹ ಓದಿ, ತಪ್ಪಿದ್ದಲ್ಲಿ ಕಿವಿ ಹಿಂಡಿದವರು ನೀವು. ಹಾಗಾಗಿ ಖರೇನೇ ಬರೆಯುತ್ತೇನೆ. ಎಲ್ಲಿ ಬೇಡವೆನಿಸುತ್ತದೋ ಅಲ್ಲಿಗೆ ಮಡಚಿಡಿ.

ದೇಹ ಮಣ್ಣಾಗುವ ಕೆಲಸ ಶುರುವಾಗುವುದು ಸುತ್ತಲಿನ ಮಣ್ಣಿನಿಂದಲ್ಲ, ಮೈಯೊಳಗಿನಿಂದ. ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ ಎನ್ನುತ್ತದೆ 2016ರ ಒಂದು ಲೆಕ್ಕ. ಎಲ್ಲವನ್ನೂ ತಕ್ಕಡಿಗೆ ಹಾಕಿದರೆ ಕಾಲು ಕಿಲೋ ತೂಗುವುದಿಲ್ಲ. ಬಹುಪಾಲಿನ ವಾಸ ದೊಡ್ಡಕರುಳಿನಲ್ಲಿ. ಅವ್ವ ಉಂಡ ರೊಟ್ಟಿ, ಕಾಳುಪಲ್ಲೆಯ ನಾರನ್ನು ಜೀವಮಾನವಿಡೀ ಒಡೆದುಕೊಟ್ಟವು ಇವೇ. ಜೀವವಿರುವ ತನಕ ಕರುಳಿನ ಗೋಡೆಯೂ ಬಿಳಿರಕ್ತಕಣಗಳ ಕಾವಲೂ ಇವನ್ನು ಗೆರೆ ದಾಟಗೊಡುವುದಿಲ್ಲ. ಉಸಿರು ನಿಂತಿತೋ, ಆಮ್ಲಜನಕ ಸಿಗದ ಜೀವಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗುತ್ತವೆ. ಕಾವಲು ಹೋಯಿತು, ಗೋಡೆ ಸಡಿಲಾಯಿತು. ಆಮೇಲೆ ಬ್ಯಾಕ್ಟೀರಿಯಗಳು ರಕ್ತನಾಳಗಳನ್ನೇ ದಾರಿ ಮಾಡಿಕೊಂಡು ಯಕೃತ್ತು, ಗುಲ್ಮ, ಹೃದಯ, ಮಿದುಳಿಗೂ ಹೋಗಿ ಸೇರುತ್ತವೆ.

ಇದರ ಮೊದಲ ಗುರುತು ಕಾಣುವುದು ಕಿಬ್ಬೊಟ್ಟೆಯ ಬಲಬದಿಯಲ್ಲಿ, ತೆಳುಹಸಿರು ಮಚ್ಚೆಯಾಗಿ. ಬಲಬದಿಯಲ್ಲೇ ಯಾಕೆಂದರೆ ದೊಡ್ಡಕರುಳು ಶುರುವಾಗುವ ಚೀಲದಂಥ ಭಾಗ ಅಲ್ಲಿ ಹೊಟ್ಟೆಯ ಚರ್ಮಕ್ಕೆ ತೀರ ಹತ್ತಿರ. ಬ್ಯಾಕ್ಟೀರಿಯ ಬಿಡುವ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಹಿಮೋಗ್ಲೋಬಿನ್ ಜೊತೆ ಬೆರೆತು ರಕ್ತದ ಕೆಂಪನ್ನು ಹಸಿರಾಗಿಸುತ್ತದೆ. ನಂತರ ಗಾಳಿ ಬೇಡದ ಕ್ಲಾಸ್ಟ್ರಿಡಿಯಂ ಬಳಗದ ಸರದಿ. ನಾವು ಬೇಳೆ ತಿಂದು ಗಳಿಸುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬ್ಯಾಕ್ಟೀರಿಯಗಳು ಕ್ಯಾಡವರಿನ್ ಆಗಿ ಬದಲಿಸುತ್ತವೆ. ಮೂಗು ಮುಚ್ಚಿಸುವ ಆ ವಾಸನೆಯಲ್ಲಿ ಅದರದೂ ಪಾಲಿದೆ.

ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತ್ತು. ಹುಟ್ಟಿದೊಡನೆ, ಒಂದು ಗುಟುಕು ಹಾಲೂ ಕುಡಿಯದೆ ಹೋದ ಕೂಸಿನ ದೇಹ ಬೇಗ ಕೊಳೆಯುವುದಿಲ್ಲ. ಕರುಳಿನಲ್ಲಿ ಈ ಸಂಗಾತಿಗಳು ಇನ್ನೂ ಸೇರಿರುವುದಿಲ್ಲವಲ್ಲ. ಕೊಳೆಯುವುದಕ್ಕೂ ಒಂದಿಷ್ಟು ಉಂಡಿರಬೇಕು, ಬಾಳಿರಬೇಕು.

ಮಣ್ಣು ಕೊಡುವಾಗ ವಿಭೂತಿ, ಬಿಲ್ವಪತ್ರೆಯ ಜೊತೆ ಉಪ್ಪನ್ನೂ ಸುರಿದರು, “ಲಗೂನ ಕರಗಲಿ” ಅಂದರು ಎಂದು ಬರೆದಿದ್ದೀರಿ. ಉಪ್ಪಿನಕಾಯಿ ಭರಣಿ ಬೇರೆ ಮಾತು ಹೇಳುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಕಲಸಿಟ್ಟರೆ ಮರುದಿನ ನೀರು ಬಿಟ್ಟಿರುತ್ತದೆ. ಬ್ಯಾಕ್ಟೀರಿಯದ ಮೈಯಿಂದಲೂ ಉಪ್ಪು ಹಾಗೇ ನೀರೆಳೆಯುತ್ತದೆ. ಅವುಗಳ ಕೈ ನಿಧಾನವಾಗುತ್ತದೆಯೇ ಹೊರತು ಚುರುಕಾಗುವುದಿಲ್ಲ. ಚಿಂತೆ ಬೇಡ, ಮಳೆ ಬೀಳುತ್ತ ಹೋದಂತೆ ಉಪ್ಪು ಇಳಿದುಹೋಗುತ್ತದೆ. ಮಣ್ಣಿನೊಳಗೆ ಎಲ್ಲವೂ ಹೇಗೂ ನಿಧಾನವೇ. ಬಯಲಲ್ಲಿ ಒಂದು ವಾರದಲ್ಲಿ ಆಗುವುದಕ್ಕೆ ನೀರಲ್ಲಿ ಎರಡು ವಾರ, ಮಣ್ಣಲ್ಲಿ ಎಂಟು ವಾರ ಎಂಬುದು ಜರ್ಮನಿಯ ವೈದ್ಯ ಕ್ಯಾಸ್ಪರ್ 19ನೇ ಶತಮಾನದಲ್ಲಿ ಕೊಟ್ಟ ಅಂದಾಜು.

ಈ ಕೆಲಸಗಾರರನ್ನು ಹೊರಗಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಟೆನೆಸ್ಸಿಯಲ್ಲಿ ಒಂದು ಕಥೆಯಿದೆ. 1977ರಲ್ಲಿ ಅಲ್ಲಿ ಯಾರೋ ಕೆದಕಿದ ಸಮಾಧಿಯಲ್ಲಿ ತಲೆಯಿಲ್ಲದ ದೇಹವೊಂದು ಸಿಕ್ಕಿತು. ಮಾಂಸ ಇನ್ನೂ ನಸುಗೆಂಪಾಗಿತ್ತು. ಮಾನವಶಾಸ್ತ್ರಜ್ಞ ವಿಲಿಯಂ ಬಾಸ್ ನೋಡಿ, ಸತ್ತು ಹೆಚ್ಚೆಂದರೆ ಒಂದು ವರ್ಷವಾಗಿರಬೇಕು ಎಂದರು. ಅದು ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ ಮಡಿದ ಕರ್ನಲ್ ವಿಲಿಯಂ ಶೈ ಅವರ ದೇಹ! ರಾಸಾಯನಿಕ ತುಂಬಿ, ಗಾಳಿಯಾಡದ ಎರಕದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದರು. ಲೆಕ್ಕ ಹತ್ತಿರಹತ್ತಿರ 113 ವರ್ಷ ತಪ್ಪಿತ್ತು. ಬಾಸ್ ಆ ತಪ್ಪನ್ನು ಮುಚ್ಚಿಡಲಿಲ್ಲ. ದಾನವಾಗಿ ಬಂದ ದೇಹಗಳನ್ನು ಬಯಲಿನಲ್ಲಿಟ್ಟು ದಿನದಿನವೂ ಏನಾಗುತ್ತದೆಂದು ನೋಡುವ ಜಾಗವೊಂದನ್ನು 1980ರ ದಶಕದ ಆರಂಭದಲ್ಲಿ ನಾಕ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಕಟ್ಟಿದರು.

ಆ ಜಾಗವೂ ಸೇರಿ ಟೆನೆಸ್ಸಿ, ಟೆಕ್ಸಸ್, ಕೊಲರಾಡೊಗಳ ಮೂರು ಕೇಂದ್ರಗಳಲ್ಲಿ 36 ದಾನಿಗಳ ದೇಹಗಳನ್ನು ಸಂಶೋಧಕಿ ಜೆಸಿಕಾ ಮೆಟ್‌ಕಾಫ್ ಅವರ ತಂಡ ಅಧ್ಯಯನ ಮಾಡಿತು. ಪ್ರತಿ ದೇಹದಿಂದಲೂ, ಅದರ ಕೆಳಗಿನ ಮಣ್ಣಿನಿಂದಲೂ 21 ದಿನ ದಿನಾಲೂ ಮಾದರಿ ತೆಗೆದರು. ಫಲಿತಾಂಶ 2024ರಲ್ಲಿ ಹೊರಬಂತು. ಚಳಿಯಿರಲಿ ಬಿಸಿಲಿರಲಿ, ಊರು ಯಾವುದೇ ಇರಲಿ, ಸುಮಾರು 20 ಬಗೆಯ ಸೂಕ್ಷ್ಮಜೀವಿಗಳ ಅದೇ ಬಳಗ ಬಂದು ಕೂಡುತ್ತದೆ. ಕೀಟಗಳೇ ಅವನ್ನು ಹೊತ್ತು ತಂದಿರಬೇಕೆಂದು ಅವರ ಊಹೆ. ಯಾವುದು ಯಾವಾಗ ಬಂತು ಎಂಬ ಸರದಿ ನೋಡಿಯೇ, ಸಾವು ಎಂದಾಯಿತೆಂದು ಹೆಚ್ಚುಕಡಿಮೆ ಮೂರು ದಿನದ ಅಂತರದಲ್ಲಿ ಹೇಳಬಹುದಂತೆ. ಎಲ್ಲೆಲ್ಲಿಂದಲೋ ಬಂದು ಸೇರುವ ಮಣ್ಣಿನ ಮನೆಯ ಬೀಗರ ಹಾಗೆ, ಇವಕ್ಕೂ ಒಂದು ರೀತಿ-ರಿವಾಜು.

ನಾವು ‘ಮಣ್ಣು ಮಾಡಿ ಬಂದೆವು’ ಅನ್ನುತ್ತೇವೆ. ನಾವು ಮಾಡುವುದು ಮುಚ್ಚುವುದನ್ನಷ್ಟೇ. ಪ್ರೋಟೀನನ್ನು ಅಮೋನಿಯ ಮಾಡಿ, ಅಮೋನಿಯವನ್ನು ನೈಟ್ರೇಟ್ ಮಾಡಿ, ಬೇರು ಹೀರಬಲ್ಲ ಹದಕ್ಕೆ ತರುವವರು ಬೇರೆ. ಖರೆ ಅರ್ಥದಲ್ಲಿ ಮಣ್ಣು ಮಾಡುವವರು ಅವರು. ಅವರಲ್ಲಿ ಮೊದಲ ಸರದಿಯವರು ಅವ್ವನ ಜೊತೆಗೇ ಬಾಳಿದವರು, ಹೊರಗಿನವರಲ್ಲ.

ಕಾಗದದ ನಡುವೆ ನೀವು ಸುಮ್ಮನೆ ಬರೆದುಹೋದ ಇನ್ನೊಂದು ಮಾತಿತ್ತು. ಮಣ್ಣಿನಿಂದ ಬಂದ ರಾತ್ರಿ ಎಲ್ಲ ಮಲಗಿದ ಮೇಲೆ, ಅವ್ವ ಇಟ್ಟುಹೋದ ಮೊಸರಿನ ಗಡಿಗೆಯಿಂದ ಒಂದು ಚಮಚ ತೆಗೆದು ಹಾಲಿಗೆ ಹೆಪ್ಪು ಹಾಕಿದಿರೆಂದು. ಹೆಪ್ಪಿನಿಂದ ಹೆಪ್ಪು, ನಿನ್ನೆಯದರಿಂದ ಇವತ್ತಿನದು. ಅವ್ವನ ಕೈಯಲ್ಲಿ ವರ್ಷಗಟ್ಟಲೆ ನಡೆದ ಸಂಸಾರ ಅದು. ಈಗ ಮಳೆಯ ಥಂಡಿ, ಗಡಿಗೆಯನ್ನು ಒಲೆಯ ಪಕ್ಕ ಬೆಚ್ಚಗಿಡಿ.

ನಿಮ್ಮವ,
ಬರೆಯುವ ಗೆಳೆಯ