ಅಪ್ಪನ ಗಾಳಿ ಮಷಿನ್ನು

ನಮ್ಮ ಕಡೆ ಗೊರಕೆಗೆ ಒಂದು ಮರ್ಯಾದೆ ಇದೆ. ಹೊಲದಲ್ಲಿ ದುಡಿದು ಬಂದ ಮನುಷ್ಯ ಗೊರಕೆ ಹೊಡೆದರೆ ‘ಚೊಲೋ ನಿದ್ದಿ ಹತ್ತೇತಿ, ಎಬ್ಬಿಸಬ್ಯಾಡ್ರಿ’ ಅಂತಾರೆ. ರೋಣದಿಂದ ಗಜೇಂದ್ರಗಡಕ್ಕೆ ಹೋಗೋ ದಾರಿಯಲ್ಲಿರುವ ನಮ್ಮೂರಲ್ಲಿ ಅಪ್ಪನ ಗೊರಕೆ ಮೂರು ಮನೆ ಆಚೆಗೂ ಹೆಸರುವಾಸಿ. ಅದು ನಡುನಡುವೆ ನಿಲ್ಲುತ್ತಿತ್ತು. ನಿಂತಾಗ ಮನೆಯವರಿಗೆಲ್ಲ ‘ಹಾಂ, ಈಗ ಆರಾಮಾಗಿ ಮಲಗಿದ’ ಅನ್ನೋ ಸಮಾಧಾನ. ವಿಷಯ ಉಲ್ಟಾ ಇತ್ತು. ಸದ್ದು ನಿಂತಾಗ ಅಪ್ಪನ ಉಸಿರೂ ನಿಂತಿರುತ್ತಿತ್ತು.

ಇದಕ್ಕೆ ಸ್ಲೀಪ್ ಆಪ್ನಿಯಾ ಅಂತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಮಿದುಳು ಗಾಬರಿಯಾಗಿ ಅರೆಎಚ್ಚರ ಮಾಡಿಸುತ್ತದೆ, ಉಸಿರು ಮತ್ತೆ ಶುರುವಾಗುತ್ತದೆ, ಮಲಗಿದವನಿಗೆ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಹೀಗೆ 10 ಸೆಕೆಂಡಿಗೂ ಹೆಚ್ಚು ಹೊತ್ತು ಉಸಿರು ನಿಲ್ಲೋದು ಅಥವಾ ತೀರಾ ಕಡಿಮೆಯಾಗೋದು ಗಂಟೆಗೆ ಎಷ್ಟು ಸಲ ಅನ್ನೋ ಲೆಕ್ಕಕ್ಕೆ ಎಎಚ್‌ಐ ಅಂತ ಹೆಸರು. 5ರೊಳಗಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಹುಬ್ಬಳ್ಳಿಯಲ್ಲಿ ಟೆಸ್ಟ್ ಮಾಡಿಸಿದಾಗ ಅಪ್ಪನದು 41 ಬಂತು. ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಮ್ಮೆ! ಟೆಸ್ಟ್‌ಗೆ ಹೋಗಿದ್ದೂ ಗೊರಕೆಗಾಗಿ ಅಲ್ಲ. ಒಂದು ಮಧ್ಯಾಹ್ನ ಟ್ರ್ಯಾಕ್ಟರ್ ಬದು ಹತ್ತಿ ನಿಂತಿತ್ತು. ‘ನಿಮ್ಮಪ್ಪಾರು ಸ್ಟೇರಿಂಗ್ ಮ್ಯಾಲೇ ತೂಕಡಿಸ್ಯಾರಂತೋ ತಮ್ಮಾ’ ಅಂತ ಅವ್ವ ಫೋನ್ ಮಾಡಿದ್ದಳು. ಈ ಕಾಯಿಲೆ ಬಿಪಿಯನ್ನೂ ಏರಿಸುತ್ತದೆ, ಹೃದಯಕ್ಕೂ ಹೊರೆ. 2022ರ ಫೆಬ್ರವರಿಯಲ್ಲಿ ಬಪ್ಪಿ ಲಹಿರಿ ತೀರಿಕೊಂಡಾಗ ಸುದ್ದಿಯಲ್ಲಿ ಬಂದ ಹೆಸರೂ ಇದೇ.

ಔಷಧಿ ಅಂದರೆ ಸಿಪ್ಯಾಪ್ ಮಷಿನ್ನು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲ್ಲಿವನ್ 1980ರಲ್ಲಿ ಮೊದಲ ಸಲ ಒಬ್ಬ ರೋಗಿಯ ಮೇಲೆ ಇದನ್ನು ಪ್ರಯೋಗಿಸಿ, ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇದು ಆಕ್ಸಿಜನ್ ಕೊಡೋ ಯಂತ್ರ ಅಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಮೂಗಿನೊಳಗೆ ಬಿಡುತ್ತದೆ, ಅಷ್ಟೇ. ಎರೆಮಣ್ಣಿನ ಬಾವಿ ಕುಸಿಯದ ಹಾಗೆ ಒಳಗೆ ಕಲ್ಲು ಕಟ್ಟುತ್ತಾರಲ್ಲ, ಹಾಗೆ ಗಂಟಲು ಕುಸಿಯದಂತೆ ಗಾಳಿಯೇ ಒಳಗಿಂದ ಆಸರೆ ಕೊಡುತ್ತದೆ. ಒತ್ತಡವನ್ನು ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. 10 ಅಂದರೆ, ಕೊಡದ ನೀರಿನಲ್ಲಿ ಕೊಳವೆಯ ತುದಿಯನ್ನು 10 ಸೆಂಟಿಮೀಟರ್ ಮುಳುಗಿಸಿ ಊದಿ ಗುಳ್ಳೆ ಎಬ್ಬಿಸೋಕೆ ಬೇಕಾದಷ್ಟು ಒತ್ತಡ. ಮಷಿನ್ನುಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಹೋಗುತ್ತವೆ.

ಕಾಗದದ ಮೇಲೆ ಇಷ್ಟು ಸುಲಭ. ಮೊದಲ ವಾರ ಮುಗಿಯೋದರೊಳಗೆ ಅಪ್ಪ ಮಾಸ್ಕ್ ತೆಗೆದು ಗೂಟಕ್ಕೆ ನೇತುಹಾಕಿದ. ‘ಎಡಿ ಹೊಡಿಯೋ ಮುಂದ ಎತ್ತಿನ ಬಾಯಿಗೆ ಕುಕ್ಕಿ ಕಟ್ಟಿದಂಗ ಆಗತೈತಿ. ನಾ ಏನ್ ಬೆಳಿ ಮೇಯ್ತೀನೇನು?’ ಅಂದ. ನಾನು ಬೆಂಗಳೂರಲ್ಲಿ ಕೂತು ಆ್ಯಪ್ ನೋಡುತ್ತಿದ್ದೆ. ಬಳಕೆ 1 ಗಂಟೆ 20 ನಿಮಿಷ. ಲೀಕ್ ಕೆಂಪು. ಎಎಚ್‌ಐ ಒಂದು ದಿನ 9, ಮರುದಿನ 22. ದೋಷ ಇದೆ ಅನ್ನೋದನ್ನು ಆ್ಯಪ್ ಚೆನ್ನಾಗಿ ಹೇಳುತ್ತದೆ. ಎಲ್ಲಿದೆ ಅನ್ನೋದನ್ನು ಹೇಳೋಕೆ ಅದಕ್ಕೆ ಅಪ್ಪನ ಮುಖ ಕಾಣೋದಿಲ್ಲ.

ಪಂಚಮಿಗೆ ಊರಿಗೆ ಹೋದಾಗ ರಾತ್ರಿ ಪಕ್ಕದಲ್ಲಿ ಕೂತು ನೋಡಿದೆ. ಅಪ್ಪನ ಮೂಗಿನ ಮೇಲೆ ಗಾಯ, ಕಣ್ಣು ಕೆಂಪು. ಊರವರು ‘ಕಣ್ಣು ಬಂದಾವೇನ್ರಿ?’ ಅಂತ ಕೇಳುತ್ತಿದ್ದರಂತೆ. ಮಾಸ್ಕಿನ ಸಂದಿಯಿಂದ ಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಗಾಳಿ ಸೋರಿದಷ್ಟೂ ಅಪ್ಪ ಪಟ್ಟಿ ಬಿಗಿಯುತ್ತಿದ್ದ. ಬಿಗಿದಷ್ಟೂ ಮಾಸ್ಕಿನ ಮೆತ್ತನೆಯ ಅಂಚು ಮಡಚಿಕೊಂಡು ಇನ್ನೊಂದು ಕಡೆ ಸೋರುತ್ತಿತ್ತು. ಕಾರಣ ಸಿಕ್ಕಿದ್ದು ತಲೆದಿಂಬಿನ ಹತ್ತಿರ ಇಟ್ಟಿದ್ದ ಲೋಟದಲ್ಲಿ. ಅದರೊಳಗೆ ಅಪ್ಪನ ಹಲ್ಲಿನ ಸೆಟ್ಟು! ಮಾಸ್ಕಿನ ಅಳತೆ ತೆಗೆದದ್ದು ಹಗಲಲ್ಲಿ, ಕುರ್ಚಿ ಮೇಲೆ ಕೂರಿಸಿ, ಹಲ್ಲು ಇದ್ದಾಗ. ರಾತ್ರಿ ಹಲ್ಲು ತೆಗೆದು ಅಂಗಾತ ಮಲಗಿದ ಮುಖವೇ ಬೇರೆ. ಕೆನ್ನೆ ಒಳಗೆ ಹೋಗುತ್ತದೆ, ಗದ್ದ ಹಿಂದೆ ಸರಿಯುತ್ತದೆ.

ಒತ್ತಡ ಮುಟ್ಟೋ ಮೊದಲು ಮಾಸ್ಕ್ ಸರಿಮಾಡಬೇಕು ಅನ್ನೋದಕ್ಕೆ ಒಂದು ಗಟ್ಟಿ ಕಾರಣ ಇದೆ. ಆಟೋ ಮಷಿನ್ನು ಉಸಿರಿನ ಹರಿವನ್ನು ಓದಿ ಒತ್ತಡ ಏರಿಸಿ ಇಳಿಸುತ್ತದೆ. ಗಾಳಿ ಜೋರಾಗಿ ಸೋರುತ್ತಿದ್ದರೆ ಅದರ ಓದೇ ತಪ್ಪುತ್ತದೆ. ಒತ್ತಡ ಏರಿದರೆ ಸೋರಿಕೆಯೂ ಹೆಚ್ಚುತ್ತದೆ. ಸೆನ್ಸರ್ ಕೆಟ್ಟಿರುವಾಗ ಡೇಟಾ ನೋಡಿ ಕೋಡ್ ತಿದ್ದಿದರೆ ಏನಾಗುತ್ತದೆ ಅನ್ನೋದು ನಮ್ಮ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಾರನೇ ವಾರ ಮಾಸ್ಕ್ ಬದಲಾಯಿಸಿದೆವು. ಈ ಸಲ ಅಳತೆ ನೋಡಿದ್ದು ಮಲಗಿಸಿ, ಹಲ್ಲು ತೆಗೆಸಿ, ಮಷಿನ್ನು ಚಾಲೂ ಇಟ್ಟು. ಮೂಗಿನ ಏಣಿನ ಮೇಲೆ ಕೂರದೆ ಮೂಗಿನ ಕೆಳಗೇ ಕೂತು, ಬಾಯಿಯನ್ನೂ ಮುಚ್ಚುವ ಮಾದರಿ ಸರಿಹೊಂದಿತು. ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಒಮ್ಮೆ ತುಸು ಎತ್ತಿ ಬಿಟ್ಟರೆ ಅಂಚು ಉಬ್ಬಿ ತಾನೇ ಕೂರುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಆಡುವಷ್ಟು ಸಡಿಲ ಇರಬೇಕು.

ಆದರೂ ಮಲಗಿದ ಹತ್ತು ನಿಮಿಷಕ್ಕೆ ಅಪ್ಪ ಎದ್ದು ಕೂರುತ್ತಿದ್ದ. ‘ಗಾಳಿ ಬಾಳ ಆತೇನಪ್ಪಾ?’ ಅಂತ ಕೇಳಿದೆ. ‘ಬಾಳ ಅಲ್ಲೋ, ಸಾಲವಲ್ದು!’ ಅಂದ. ನಿದ್ದೆ ಹತ್ತೋವರೆಗೂ ಒತ್ತಡ ಕಡಿಮೆ ಇರಲಿ ಅಂತ ರ‍್ಯಾಂಪ್ ಅನ್ನೋ ಸೌಲಭ್ಯ ಇರುತ್ತದೆ. ಅದು 4ರಿಂದ ಶುರುವಾಗುತ್ತಿತ್ತು. ಎಷ್ಟೋ ಮಂದಿ ದೊಡ್ಡವರಿಗೆ 4 ಅಂದರೆ ಉಸಿರು ಕಟ್ಟಿದಂತೆಯೇ. ಹುಬ್ಬಳ್ಳಿ ಡಾಕ್ಟರಿಗೆ ಹೇಳಿದಾಗ ಅದನ್ನು 6 ಮಾಡಿದರು. ಎರಡು ವಾರದ ಡೇಟಾ ನೋಡಿ, 4ರಿಂದ 20ರವರೆಗೆ ಬಿಟ್ಟಿದ್ದ ವ್ಯಾಪ್ತಿಯನ್ನು 8ರಿಂದ 13ಕ್ಕೆ ಇಳಿಸಿದರು. ಮಷಿನ್ನಿನ ಡಾಕ್ಟರ್ ಮೆನು ತೆರೆಯೋದು ನನ್ನಂಥವನಿಗೆ ದೊಡ್ಡ ಮಾತಲ್ಲ. ಆದರೆ ಒತ್ತಡ ಅತಿಯಾದರೆ ಗಾಳಿ ಹೊಟ್ಟೆಗಿಳಿದು ಉಬ್ಬರಿಸುತ್ತದೆ. ಕೆಲವರಲ್ಲಿ ಮಿದುಳೇ ಉಸಿರಾಟದ ಸೂಚನೆ ಕೊಡದಿರುವ ಇನ್ನೊಂದು ಬಗೆಯ ಆಪ್ನಿಯಾ ಶುರುವಾಗಬಹುದು. ಹಾಗಾಗಿ ಅಂಕಿ ಬದಲಿಸೋದು ಅವರ ಕೆಲಸ. ರಾತ್ರಿ ಏನಾಯಿತು ಅಂತ ನೋಡಿ ಹೇಳೋದು ನಮ್ಮದು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕೆಲವು ರಾತ್ರಿ ಕಾಯೋದು.

ಇನ್ನು ಊರಿನ ತಾಪತ್ರಯ. ಎರೆಮಣ್ಣಿನ ಧೂಳಿಗೆ ಫಿಲ್ಟರ್ ಬಲು ಬೇಗ ಕಪ್ಪಾಗುತ್ತದೆ, ಹಾಗಾಗಿ ಅವ್ವ ವಾರಕ್ಕೊಮ್ಮೆ ತೆಗೆದು ನೋಡುತ್ತಾಳೆ. ಕರೆಂಟು ಹೋದರೆ ಉಸಿರುಕಟ್ಟಿ ಸಾಯ್ತೀನೇನೋ ಅನ್ನೋ ಭಯ ಅಪ್ಪನಿಗೆ ಬಹಳ ದಿನ ಇತ್ತು. ಬಾಯಿ ಮುಚ್ಚುವ ಮಾಸ್ಕ್‌ಗಳಲ್ಲಿ, ಗಾಳಿ ನಿಂತ ಕೂಡಲೇ ಹೊರಗಾಳಿಗೆ ತೆರೆದುಕೊಳ್ಳುವ ಪುಟ್ಟ ಕವಾಟ ಇರುತ್ತದೆ. ಮಷಿನ್ನು ಬಂದ್ ಮಾಡಿ ಅದನ್ನು ತೋರಿಸಿದ ಮೇಲೆ ನಂಬಿದ. ಈಗ ಇನ್ವರ್ಟರ್ ಇದೆ. ನೀರು ಕಾಯಿಸೋ ಭಾಗ ಬಂದ್ ಇಟ್ಟರೆ ಬ್ಯಾಟರಿ ಇನ್ನೂ ಹೆಚ್ಚು ಹೊತ್ತು ಬರುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ವಿಂಡ್‌ಮಿಲ್ ತೋರಿಸಿ ಅಪ್ಪ ಅಂತಾನೆ: ‘ಅಲ್ಲಿ ಗಾಳಿಲಿಂದ ಕರೆಂಟು, ನಮ್ಮನ್ಯಾಗ ಕರೆಂಟಿಲಿಂದ ಗಾಳಿ!’

ಎರಡು ತಿಂಗಳಾದ ಮೇಲೆ ಬಳಕೆ ರಾತ್ರಿಗೆ ಆರು ಗಂಟೆ, ಎಎಚ್‌ಐ 3ರ ಆಸುಪಾಸು. ಮಧ್ಯಾಹ್ನದ ತೂಕಡಿಕೆ ಹೋಯಿತು. ಟ್ರ್ಯಾಕ್ಟರಿನ ಕೀಲಿ ಅಲ್ಲಿಯವರೆಗೂ ಅವ್ವನ ಹತ್ತಿರ ಇತ್ತು. ಡಾಕ್ಟರು ‘ಆತು’ ಅಂದ ಮೇಲೆ ಅವಳೇ ತಂದು ಅಪ್ಪನ ಕೈಗೆ ಕೊಟ್ಟಳು.

ಹೋದ ಮದುವೆ ಸೀಸನ್ನಿನಲ್ಲಿ ನರಗುಂದದ ಬೀಗರ ಮನೆಗೆ ಹೋಗುವಾಗ ಅಪ್ಪ ಮಷಿನ್ನಿನ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡ. ರಾತ್ರಿ ಜಮಖಾನದ ಮೇಲೆ ಸಾಲಾಗಿ ಮಲಗಿದ್ದ ಮಂದಿಯ ನಡುವೆ ವೈರು ಎಳೆದು ಮಾಸ್ಕ್ ಹಾಕಿಕೊಂಡಾಗ ಸುತ್ತಲಿನ ಗುಸುಗುಸು ನಿಲ್ಲಲೇ ಇಲ್ಲ. ಕೊನೆಗೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎದ್ದು ಕೂತು, ತಮ್ಮ ಮಗನೂ ಹೀಗೇ ಗೊರಕೆ ಹೊಡೆಯುತ್ತಾನೆ, ಮಷಿನ್ನು ತಂದು ಆರು ತಿಂಗಳಾಯಿತು, ಅಟ್ಟದ ಮೇಲಿದೆ ಅಂದರು. ಅಪ್ಪ ಮಾಸ್ಕ್ ಸರಿಸಿ, ಬೊಚ್ಚು ಬಾಯಲ್ಲೇ ಕೇಳಿದ: ‘ಅಳತಿ ಕುಂದರಿಸಿ ತಗೊಂಡ್ರೋ, ಮಲಗಿಸಿ ತಗೊಂಡ್ರೋ?’