ಓದಿ ಹೇಳುವವರು

ಕಾಲೇಜು ಹುಡುಗರು ಕವನ ಬರೆಯುತ್ತಾರೆ ಎಂದರೆ ನಗುವುದು ಲೋಕದ ರೂಢಿ. ಹದಿನೆಂಟಕ್ಕೆ ಬರುವ ಮೊಡವೆಯ ಹಾಗೆ ಕವನವೂ ಬರುತ್ತದೆ, ಕೆಲಸ ಸಿಕ್ಕ ಮೇಲೆ ತಾನಾಗಿ ಮಾಯುತ್ತದೆ ಎಂದು ಮನೆಯ ಹಿರಿಯರು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಾರೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಮೇಷ್ಟ್ರು ಚಿ. ಶ್ರೀನಿವಾಸರಾಜು ಮಾತ್ರ ನಗಲಿಲ್ಲ. ಇಂಗ್ಲಿಷಿನ ಗಾಳಿಯೇ ಜೋರಾಗಿದ್ದ ಆ ಆವರಣದಲ್ಲಿ ಅವರು ಕನ್ನಡ ಸಂಘವನ್ನು ಬೆಳೆಸಿದರು. ಬೇಂದ್ರೆಯವರ ಹೆಸರಿನಲ್ಲಿ ಕವನಕ್ಕೆ, ಅ.ನ.ಕೃ. ಹೆಸರಿನಲ್ಲಿ ಕಥೆಗೆ ವಿದ್ಯಾರ್ಥಿಗಳ ಸ್ಪರ್ಧೆ ನಡೆಸಿದರು. ಬಂದ ಕವನಗಳಲ್ಲಿ ಆಯ್ದವನ್ನು ಪುಸ್ತಕ ಮಾಡಿದರು. ಹೊಸಬರ ಪುಸ್ತಕಗಳು ಕೈಗೆಟಕುವ ಬೆಲೆಗೆ ಸಂಘದಿಂದ ಒಂದರ ಹಿಂದೊಂದು ಹೊರಬಂದವು. 2007ರಲ್ಲಿ ಅವರು ತೀರಿಕೊಂಡಾಗ ನಾಡಿನ ಎಷ್ಟೋ ಬರಹಗಾರರು ತಮ್ಮ ಮೊದಲ ಅಚ್ಚಿನ ಅಕ್ಷರವನ್ನು ನೆನೆದುಕೊಂಡರು.

ಬಹುಮಾನದ ಮೊತ್ತದ ಮಾತು ಬೇರೆ. ಯಾವುದೋ ತಾಲ್ಲೂಕಿನ ಕಾಲೇಜಿನಲ್ಲಿ ಕೂತು ಬರೆದ ಹುಡುಗಿಯ ಕವನವನ್ನು ಗುರುತು ಪರಿಚಯವಿಲ್ಲದ ಹಿರಿಯ ಕವಿಯೊಬ್ಬರು ಕೂತು ಓದುತ್ತಿದ್ದರು ಎಂಬುದೇ ದೊಡ್ಡದು. ಮನೆಯವರ ಮೆಚ್ಚುಗೆಯಲ್ಲಿ ಪ್ರೀತಿ ಇರುತ್ತದೆ, ಗೆಳತಿಯರ ‘ಸೂಪರ್’ನಲ್ಲಿ ಸ್ನೇಹ ಇರುತ್ತದೆ, ಎರಡರಲ್ಲೂ ಓದು ಇರಬೇಕೆಂದೇನೂ ಇಲ್ಲ. ಬರೆಯುವ ವಿದ್ಯಾರ್ಥಿಗೆ ಏನೇನು ಬೇಕು ಎಂದು ಪಟ್ಟಿ ಹಾಕಲು ಹೊರಟವರು ಪೆನ್ನು, ಪುಸ್ತಕ, ಲ್ಯಾಪ್‌ಟಾಪು, ಕಾರ್ಯಾಗಾರ ಎಂದೆಲ್ಲ ಬರೆದು, ಓದಿ ಹೇಳುವ ಒಂದು ಜೀವವನ್ನು ಮರೆತುಬಿಡುತ್ತಾರೆ.

ಕುವೆಂಪು ಅವರ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. 1922ರಲ್ಲಿ ಅವರ ಇಂಗ್ಲಿಷ್ ಪದ್ಯಗಳ ‘ಬಿಗಿನರ್ಸ್ ಮ್ಯೂಸ್’ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹತ್ತೊಂಬತ್ತರ ಹುಡುಗ ಪುಟ್ಟಪ್ಪ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಅವರನ್ನು ಕಂಡ. ನಿನ್ನ ತಾಯ್ನುಡಿಯಲ್ಲಿ ಬರೆ ಎಂದರು ಅವರು. ಇದನ್ನು ಕನ್ನಡದ ಗೆಲುವಿನ ಕಥೆಯಾಗಿ ನವೆಂಬರ್ ತಿಂಗಳಿಡೀ ಹೇಳುತ್ತೇವೆ, ತಪ್ಪೇನಿಲ್ಲ. ಆದರೆ ಅದರೊಳಗೆ ಇನ್ನೊಂದು ಕಥೆಯೂ ಇದೆ. ಪರದೇಶದ ಕವಿಯೊಬ್ಬ ಅಪರಿಚಿತ ಹುಡುಗನ ಹಾಳೆಗಳನ್ನು ನೋಡಿದ. ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭವಾಗಿದ್ದರೂ ಅನ್ನಿಸಿದ್ದನ್ನು ಹೇಳಿದ. ಹುಡುಗನಿಗೆ ಮೊದಲು ಬೇಸರವೇ ಆಯಿತು. ಮುಂದೆ ಮಹಾರಾಜಾ ಕಾಲೇಜಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರಂಥ ಗುರು ದೊರೆತರು. ‘ಶ್ರೀ ರಾಮಾಯಣ ದರ್ಶನಂ’ ಬರುವ ಹೊತ್ತಿಗೆ ವೆಂಕಣ್ಣಯ್ಯ ಇರಲಿಲ್ಲ, ಕಾವ್ಯವನ್ನು ಅವರಿಗೇ ಅರ್ಪಿಸಲಾಯಿತು.

ಅಂಥ ಒಬ್ಬರು ಸಿಗುವುದು ಅದೃಷ್ಟ. ಅದೃಷ್ಟಕ್ಕೆ ಕಾಯದವರು ಗುಂಪು ಕಟ್ಟಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ಧಾರವಾಡದಲ್ಲಿ ಇಪ್ಪತ್ತರ ದಶಕದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ನೆರೆಯಿತು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿ.ಕೃ. ಗೋಕಾಕರು ಅದರೊಳಗೆ ಬಂದರು. ಓದಿದ್ದನ್ನು ಹಂಚಿಕೊಳ್ಳುವುದು, ಬರೆದದ್ದನ್ನು ದನಿ ಎತ್ತಿ ಓದುವುದು, ಆಮೇಲೆ ವಾದ. ಈಗಿನ ಕಾಲೇಜುಗಳಲ್ಲಿ ಕನ್ನಡ ಸಂಘ ಎಂದರೆ ಉದ್ಘಾಟನೆಗೊಬ್ಬ ಅತಿಥಿ, ಸಮಾರೋಪಕ್ಕೊಬ್ಬ ಅತಿಥಿ, ನಡುವೆ ಒಂದು ರಂಗೋಲಿ ಸ್ಪರ್ಧೆ ಎಂಬಷ್ಟಕ್ಕೆ ಇಳಿದಿರುವುದುಂಟು. ತಿಂಗಳಿಗೊಂದು ಸಂಜೆ ನಾಲ್ಕು ಜನ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಒಬ್ಬರ ಕಥೆಯನ್ನು ಇನ್ನೊಬ್ಬರು ಓದಿ ಹೇಳುವುದಕ್ಕೆ ಅತಿಥಿಯೂ ಬೇಡ, ಬ್ಯಾನರೂ ಬೇಡ.

ಬರೆದವನೇ ಓದಬಾರದು, ಇನ್ನೊಬ್ಬರು ಓದಬೇಕು. ಇದೊಂದು ಹಳೆಯ ಉಪಾಯ, ಒಳ್ಳೆಯ ಉಪಾಯ. ತನ್ನ ವಾಕ್ಯವನ್ನು ತಾನೇ ಓದುವಾಗ ಮನಸ್ಸಿನಲ್ಲಿರುವ ಅರ್ಥ ನಾಲಿಗೆಗೆ ಬಂದು ಸಹಾಯ ಮಾಡುತ್ತದೆ. ಬೇರೆಯವರು ಓದುವಾಗ ಆ ಸಹಾಯವಿಲ್ಲ. ಅವರು ಎಲ್ಲಿ ಉಸಿರು ಸಾಲದೆ ನಿಂತರೋ, ಎಲ್ಲಿ ‘ಯಾರು, ಇವನಾ ಅವನಾ?’ ಎಂದು ತಲೆ ಎತ್ತಿದರೋ ಅಲ್ಲಿ ಪೆನ್ಸಿಲಿನ ಗೆರೆ ಎಳೆದರೆ ಸಾಕು. ತಿದ್ದುವ ಕೆಲಸದ ಅರ್ಧ ಮುಗಿದಂತೆ.

ಮನುಷ್ಯರು ಸಿಗದ ಹೊತ್ತಿಗೆ ನಿಘಂಟು ಇದೆ. ನಿಘಂಟೆಂದರೆ ಅರ್ಥ ನೋಡಿ ಮುಚ್ಚಿಡುವ ಪುಸ್ತಕ ಎಂದು ತಿಳಿದವರು ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಒಂದು ಸಂಪುಟವನ್ನಾದರೂ ತೊಡೆಯ ಮೇಲಿಟ್ಟುಕೊಂಡು ನೋಡಬೇಕು. ನಲವತ್ತರ ದಶಕದಲ್ಲಿ ಶುರುವಾಗಿ ತೊಂಬತ್ತರ ದಶಕದಲ್ಲಿ ಮುಗಿದ ಕೆಲಸ ಅದು, ಎಂಟು ಸಂಪುಟ. ವಿದ್ವಾಂಸರು ಶಾಸನಗಳನ್ನೂ ಕಾವ್ಯಗಳನ್ನೂ ಗದ್ಯವನ್ನೂ ಓದಿ, ಪದ ಕಂಡ ಕಡೆಯಲ್ಲೆಲ್ಲ ವಾಕ್ಯವನ್ನು ಚೀಟಿಗಿಳಿಸಿ, ಆ ಚೀಟಿಗಳನ್ನು ಅಕಾರಾದಿಯಲ್ಲಿ ಜೋಡಿಸಿ ಕಟ್ಟಿದ್ದು. ಹಾಗಾಗಿ ಒಂದು ಪದದ ಒಂದೊಂದು ಅರ್ಥದ ಕೆಳಗೂ ಆ ಪದವನ್ನು ಬಳಸಿದವರ ಸಾಲುಗಳಿವೆ, ಯಾವ ಕೃತಿಯಿಂದ ಎಂಬ ಗುರುತೂ ಇದೆ. ಪಂಪನ ಕಾಲದಲ್ಲಿ ಒಂದು ಕ್ರಿಯಾಪದ ಯಾವ ನಾಮಪದದ ಜೊತೆ ಹೋಗುತ್ತಿತ್ತು, ದಾಸರ ಬಾಯಲ್ಲಿ ಅದು ಹೇಗೆ ಸಡಿಲವಾಯಿತು ಎಂಬುದು ಒಂದೇ ಪುಟದಲ್ಲಿ ಕಣ್ಣಿಗೆ ಬೀಳುತ್ತದೆ. ಸಾಮಾನ್ಯ ಕ್ರಿಯಾಪದಗಳ ಪುಟಗಳೇ ಹೆಚ್ಚು ರುಚಿ. ಎಲ್ಲಕ್ಕೂ ‘ಮಾಡಿದ’ ಅಂಟಿಸಿ ಮುಂದೆ ಹೋಗುವ ವಿದ್ಯಾರ್ಥಿಗೆ ಅಲ್ಲಿ ನೂರು ದಾರಿ ಸಿಗುತ್ತದೆ. ದಿನಕ್ಕೊಂದು ಪುಟ ಎಂಬ ನೇಮ ಇಟ್ಟುಕೊಂಡರೂ ಪದವಿ ಮುಗಿಯುವಷ್ಟರಲ್ಲಿ ಒಂದು ಸಂಪುಟದ ಬಹುಪಾಲು ಕೈಹಿಡಿದಿರುತ್ತದೆ.

ಆ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದರು. ‘ಪ್ರಜಾವಾಣಿ’ಯಲ್ಲಿ ಅವರ ‘ಇಗೋ ಕನ್ನಡ’ ಅಂಕಣ ವರ್ಷಾನುಗಟ್ಟಲೆ ನಡೆಯಿತು. ಓದುಗರು ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಹಾಕುವುದು, ಅವರು ಉತ್ತರಿಸುವುದು. ಪುಸ್ತಕವಾಗಿಯೂ ಬಂದಿದೆ. ಉತ್ತರಗಳ ಪಾಂಡಿತ್ಯ ಒಂದು ತೂಕವಾದರೆ, ಕೇಳಿದವರ ಪ್ರಶ್ನೆಗಳು ಇನ್ನೊಂದು ತೂಕ. ತನಗೆ ಯಾವುದು ತಿಳಿದಿಲ್ಲ ಎಂಬುದನ್ನು ಒಂದು ಕಾರ್ಡಿನಷ್ಟು ಜಾಗದಲ್ಲಿ ಸರಿಯಾಗಿ ಬರೆಯುವುದೇ ಒಂದು ಅಭ್ಯಾಸ.

ನಿಘಂಟಿನ ಕೆಲಸದಲ್ಲಿ ಕಿಟ್ಟೆಲ್ ಇವರಿಗಿಂತ ಹಿಂದಿನವರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ, ನಡುನಡುವೆ ಗಾದೆಗಳೂ ಇವೆ. ಹಳ್ಳಿಯ ಅಜ್ಜಿಯ ಮಾತನ್ನು ಕಥೆಗೆ ತರಬೇಕೆಂದಿರುವವರು ಆ ಗಾದೆಗಳ ಮೇಲೆ ಬೆರಳಾಡಿಸಿ ನೋಡಬಹುದು. ಅಜ್ಜಿ ಬದುಕಿದ್ದರೆ ಅಜ್ಜಿಯನ್ನೇ ಕೇಳುವುದು ವಾಸಿ.

ಇವೆಲ್ಲ ಮೊದಲು ಕಾಲೇಜು ಗ್ರಂಥಾಲಯದ ಗಾಜಿನ ಕಪಾಟಿನೊಳಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದವು. ಈಗ ಜೇಬಿನಲ್ಲಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಹಲವು ನಿಘಂಟುಗಳು ಒಟ್ಟಿಗೆ ಸಿಗುತ್ತವೆ. ‘ವಚನ ಸಂಚಯ’ದಲ್ಲಿ ಒಂದು ಪದ ಹಾಕಿದರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೋ ಅವೆಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಹಿಂದೆ ಒಬ್ಬ ಸಂಶೋಧಕ ವರ್ಷಗಟ್ಟಲೆ ಕೂತು ಮಾಡುತ್ತಿದ್ದ ಕೆಲಸ ಅದು. ನಮ್ಮ ದೇಶದ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದಾಗುತ್ತದೆ. ಹಾಗಾಗಿ ಮುದ್ದಣ, ಪಂಜೆ ಮಂಗೇಶರಾಯರು, ಬಿ.ಎಂ.ಶ್ರೀ., ಕೈಲಾಸಂ ಇವರನ್ನು ಓದಲು, ಟೈಪು ಮಾಡಿ ಹಂಚಲು ಯಾರ ಅಪ್ಪಣೆಯೂ ಬೇಡ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅವರ ಸರದಿಗೆ ಇನ್ನೂ ಕಾಯಬೇಕು.

ಮುದ್ದಣನ ಗದ್ಯವನ್ನು ಒಂದು ಪುಟ ಕೈಯಾರೆ ನಕಲು ಮಾಡಿ ನೋಡಿದವರಿಗೆ ಗೊತ್ತಾಗುವ ಸಂಗತಿ ಬೇರೆ. ಕಣ್ಣು ಜಾರಿಸಿಕೊಂಡು ಹೋಗುವ ಕಡೆಯಲ್ಲಿ ಕೈ ನಿಲ್ಲುತ್ತದೆ. ಸರಸದ ಮಾತು ಎಲ್ಲಿ ಚಿಕ್ಕದಾಯಿತು, ಕಥೆ ಕೇಳುವ ಹೆಂಡತಿ ಮನೋರಮೆ ಎಲ್ಲಿ ಮಾತು ತುಂಡರಿಸಿದಳು ಎಂಬುದು ಬೆರಳಿಗೆ ತಿಳಿಯುತ್ತದೆ. ಟೈಪು ಮಾಡಿದರೂ ಆದೀತು, ಕತ್ತರಿಸಿ ಅಂಟಿಸಿದರೆ ಆಗದು.

ಜೇಬಿನ ಯಂತ್ರ ಇನ್ನೊಂದು ಸೌಕರ್ಯವನ್ನೂ ತಂದಿದೆ. ‘ಮಳೆಗಾಲದ ಬಗ್ಗೆ ಪ್ರಬಂಧ ಬರೆ’ ಎಂದರೆ ಅರೆಗಳಿಗೆಯಲ್ಲಿ ಬರೆದುಕೊಡುತ್ತದೆ. ಸಾಲುಗಳು ನೆಟ್ಟಗಿರುತ್ತವೆ, ಕಾಗುಣಿತವೂ ಸರಿ. ಆದರೆ ಎಷ್ಟೋ ಸಲ ಆ ಪ್ರಬಂಧದಲ್ಲಿ ಮಳೆ ಯಾವ ಊರಲ್ಲೂ ಬಿದ್ದಿರುವುದಿಲ್ಲ. ಆಗುಂಬೆಯದೋ ರಾಯಚೂರಿನದೋ, ಹೆಂಚಿನ ಮೇಲೋ ತಗಡಿನ ಮೇಲೋ, ಹೇಳುವುದು ಕಷ್ಟ.

ಇದಕ್ಕೆ ಮದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು, ಡಿ.ವಿ.ಜಿ. ಅವರ ಮಗ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಕಥನ ಆ ಪುಸ್ತಕ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದರಲ್ಲಿ ‘ಒಂದು ಮರ’ ಎಂಬುದು ಇಲ್ಲ. ಪ್ರತಿ ಮರಕ್ಕೂ ಹೆಸರಿದೆ, ಎಲೆಯ ಅಂಚಿಗೆ ಆಕಾರವಿದೆ, ಹುಡುಗರ ತುಂಟತನವೂ ಊಟದ ಪರದಾಟವೂ ಜೊತೆಗಿವೆ. ಚಿತ್ರಗಳನ್ನೂ ಸ್ವಾಮಿಯವರೇ ಬರೆದರು. ಎಲೆಯ ಚಿತ್ರ ಬರೆಯುವವನು ನರಗಳು ಎಲ್ಲಿ ಕವಲೊಡೆಯುತ್ತವೆ ಎಂದು ನೋಡಲೇಬೇಕಾಗುತ್ತದೆ. ಚಿತ್ರ ಬಾರದ ವಿದ್ಯಾರ್ಥಿಯೂ ಒಂದು ಕಿರುಪುಸ್ತಕ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಂಡಕ್ಟರು ಚಿಲ್ಲರೆಗೆ ಏನೆಂದ, ಸಂತೆಯಲ್ಲಿ ಅವರೆಕಾಯಿಯವಳು ಅಳತೆಗೆ ಯಾವ ಪಾತ್ರೆ ಹಿಡಿದಿದ್ದಳು, ಗಾರೆ ಕೆಲಸದವರು ಯಾವ ಸಾಮಾನನ್ನು ಏನೆಂದು ಕರೆದರು ಎಂದು ಆಗಲೇ ಗುರುತು ಹಾಕಿಕೊಂಡರೆ ಆಯಿತು. ಮನೆಗೆ ಬಂದು ಬರೆಯುತ್ತೇನೆ ಎಂದರೆ ಮಾತು ಹೋಗಿ ಸಾರಾಂಶ ಉಳಿಯುತ್ತದೆ.

ಊರಿನ ಗ್ರಂಥಾಲಯದ ಬಗ್ಗೆ ಎರಡು ಮಾತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಪಟ್ಟಣದ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿಸಿ ವಸೂಲಿ ಮಾಡುತ್ತಾರೆ. ಅಂದರೆ ಆ ಕಪಾಟಿನ ಪುಸ್ತಕಕ್ಕೆ ಪ್ರತಿ ಮನೆಯೂ ದುಡ್ಡು ಕೊಟ್ಟಾಗಿದೆ, ಹೋಗಿ ತೆಗೆದುಕೊಳ್ಳುವುದಷ್ಟೇ ಬಾಕಿ. ಹೆಚ್ಚಿನವರು ಪೇಪರು ಓದಲು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹೋಗುತ್ತಾರೆ. ಹಿಂದಿನ ಸಾಲಿನಲ್ಲಿ ಧೂಳು ಹಿಡಿದು ನಿಂತ ನಿರಂಜನರ ‘ಜ್ಞಾನ ಗಂಗೋತ್ರಿ’ಯನ್ನೋ ಕಾರಂತರ ‘ವಿಜ್ಞಾನ ಪ್ರಪಂಚ’ವನ್ನೋ ಕೇಳಿದರೆ ಗ್ರಂಥಪಾಲಕರೇ ಬೆರಗಾಗಿ ಎದ್ದು ಬಂದು ತೆಗೆದುಕೊಡುವುದುಂಟು. ವಿಜ್ಞಾನ ಓದುವ ಹುಡುಗರು ಕನ್ನಡದಲ್ಲಿ ಬರೆಯಲು ಪದ ಸಿಗುವುದಿಲ್ಲ ಎನ್ನುವುದಕ್ಕೆ ಮೊದಲು ಕಾರಂತರು ಒಬ್ಬರೇ ಏನು ಮಾಡಿದರು ಎಂದು ನೋಡಲಿ. ಪದಗಳೆಲ್ಲ ನಿಂತಿವೆ ಎಂದಲ್ಲ. ಆ ಧೈರ್ಯ ನೋಡಬೇಕು.

ಕಿವಿಗೂ ಶಿಕ್ಷಣ ಬೇಕು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿಗಳು ಕುಮಾರವ್ಯಾಸನನ್ನು ಓದುವುದನ್ನು ಒಂದು ಸಂಜೆ ಕೇಳಿದ ವಿದ್ಯಾರ್ಥಿಗೆ ಷಟ್ಪದಿಯ ಲೆಕ್ಕ ಹಾಕುವ ವ್ಯಾಕರಣದ ಪಾಠ ಬೇರೆ ಥರ ಕಾಣುತ್ತದೆ. ಆಕಾಶವಾಣಿಯ ‘ಯುವವಾಣಿ’ಯೂ ಹಲವರಿಗೆ ಕಿವಿ ಕೊಟ್ಟಿತು. ಮೈಕಿನ ಮುಂದೆ ತನ್ನದೇ ಕಥೆಯನ್ನು ಕೊಟ್ಟ ನಿಮಿಷದೊಳಗೆ ಓದಿ ಮುಗಿಸಬೇಕಾದಾಗ ಯಾವ ವಿಶೇಷಣ ಬೇಡ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಫೋನಿನಲ್ಲೇ ಧ್ವನಿಮುದ್ರಿಸಿ ಕೇಳಬಹುದು. ತನ್ನ ದನಿ ತನಗೇ ನಾಚಿಕೆ ತರಿಸುತ್ತದೆ ಎಂದು ಹೆಚ್ಚಿನವರು ಮೊದಲ ನಿಮಿಷದಲ್ಲೇ ನಿಲ್ಲಿಸುತ್ತಾರೆ.

ಪರೀಕ್ಷೆ ಬೇಕೆನ್ನುವವರಿಗೆ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಇವೆ. ಇಂಜಿನಿಯರಿಂಗ್ ಓದುವವರೂ ಕಟ್ಟಬಹುದು. ಮೊದಲ ಪುಸ್ತಕ ತರುವ ತರುಣರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ಅದು ಒಳ್ಳೆಯದೇ. ಆದರೆ ಇಪ್ಪತ್ತರಲ್ಲಿ ಪುಸ್ತಕಕ್ಕೆ ಅವಸರಪಟ್ಟವರು ಮೂವತ್ತರಲ್ಲಿ ಅದರ ಪ್ರತಿಗಳನ್ನು ಬಚ್ಚಿಡಲು ಜಾಗ ಹುಡುಕುವುದೂ ಇದೆ. ಪುಸ್ತಕಕ್ಕಿಂತ ಮೊದಲು ಪತ್ರಿಕೆ, ಪತ್ರಿಕೆಗಿಂತ ಮೊದಲು ಕಾಲೇಜಿನ ಗೋಡೆ ಎಂಬ ಹಳೆಯ ಸರದಿಯಲ್ಲಿ ವಿವೇಕವಿತ್ತು.

ಗೋಡೆ ಎಂದರೆ ಭಿತ್ತಿಪತ್ರಿಕೆ. ಕೈಬರಹದ ಪತ್ರಿಕೆಗಳು ಕೆಲವು ಕಾಲೇಜುಗಳಲ್ಲಿದ್ದವು, ಇರುವುದು ಒಂದೇ ಪ್ರತಿ, ಕೈಯಿಂದ ಕೈಗೆ ಸಾಗಿ ಕೊನೆಯ ಖಾಲಿ ಹಾಳೆಗಳಲ್ಲಿ ಓದುಗರ ಅಭಿಪ್ರಾಯ ಹೊತ್ತು ಮರಳುತ್ತಿತ್ತು. ಭಿತ್ತಿಪತ್ರಿಕೆ ಈಗಲೂ ಅಲ್ಲಲ್ಲಿ ಇದೆ, ಕನ್ನಡ ವಿಭಾಗದ ಪಡಸಾಲೆಯಲ್ಲಿ, ಡ್ರಾಯಿಂಗ್ ಶೀಟಿನ ಮೇಲೆ ಅಂಟಿಸಿದ ಕವನಗಳೊಂದಿಗೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಕವನಕ್ಕೆ ಹೆಬ್ಬೆರಳುಗಳು ಬರುತ್ತವೆ, ಗೋಡೆಯ ಕವನಕ್ಕೆ ಪೆನ್ನು ಬರುತ್ತದೆ. ಕ್ಲಾಸಿಗೆ ಹೋಗುತ್ತಿದ್ದ ಮೇಷ್ಟ್ರೊಬ್ಬರು ನಿಂತು ಅಕಾರ ಹಕಾರ ಅದಲುಬದಲಾದ ಕಡೆ ಕೆಂಪು ಗೆರೆ ಎಳೆಯುತ್ತಾರೆ. ಸೀನಿಯರ್ ಹುಡುಗಿಯೊಬ್ಬಳು ಎರಡನೆಯ ಪದ್ಯದ ಪಕ್ಕ ‘ಇದು ಬೇಕಾ?’ ಎಂದು ಪೆನ್ಸಿಲಿನಲ್ಲಿ ಬರೆದು ಹೋಗುತ್ತಾಳೆ. ಬರೆದವನಿಗೆ ಸಿಟ್ಟು ಬರುತ್ತದೆ, ಎರಡು ದಿನ ಅವಳು ಯಾರೆಂದು ಹುಡುಕುತ್ತಾನೆ. ಮುಂದಿನ ತಿಂಗಳ ಕವನವನ್ನು ಅಂಟಿಸುವ ಮೊದಲು ಅವಳಿಗೇ ತೋರಿಸುತ್ತಾನೆ.