ಕಮಲಾಪುರದ ಹಾದಿಗೆ ಕ್ಯಾಮೆರಾ ಬರೋದು ಯಾವಾಗ?

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೆಗಲ ಮೇಲಿದ್ದ ಕ್ಯಾಮೆರಾ ನೋಡಿ ಬೀದರ್ ಬಸ್ಸಿನ ಕಂಡಕ್ಟರ್ ಕೇಳಿಯೇಬಿಟ್ಟ: "ಶೂಟಿಂಗ್ ಅದ ಏನ್ರಿ ಸರ? ಹೀರೋ ಯಾರ್ರಿ?"

ಇಲ್ಲಪ್ಪಾ, ಊರು ನೋಡೋಕೆ ಬಂದೆ ಅಂದೆ. ಅರ್ಧ ಬಸ್ಸಿಗೆ ನಿರಾಸೆ!

ಬೆಳಿಗ್ಗೆ ಕೋಟೆಯೊಳಗಿನ ಜಾಮಿ ಮಸೀದಿ ನೋಡಿ ಬಂದಿದ್ದೆ. 1367ರದು. ನಡುವೆ ಬಯಲಂಗಳವಿಲ್ಲ, ಇಡೀ ಕಟ್ಟಡಕ್ಕೇ ಗುಮ್ಮಟಗಳ ಚಾವಣಿ. ಕಮಾನಿನ ಹಿಂದೆ ಕಮಾನು, ನೆರಳಿನ ಹಿಂದೆ ನೆರಳು... ಛಾಯಾಗ್ರಾಹಕ ಕಂಡರೆ ಊಟ ಮರೆತು ನಿಂತಾನು! ಪುರಾತತ್ವ ಇಲಾಖೆಯ ಅಪ್ಪಣೆ ಬೇಕು, ನಿಜ. ಆದರೆ ಕೇಳೋರು ಬೆಂಗಳೂರು ಬಿಟ್ಟು ಹೊರಡಬೇಕಲ್ಲ?

ಹೊರಡದಿರುವುದಕ್ಕೆ ಕಾರಣವಿದೆ ಸ್ವಾಮಿ. ಒಂದು ಕಾಲಕ್ಕೆ ಕನ್ನಡ ಚಿತ್ರ ಅಂದರೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗೋ ಸರಕು. ಅದನ್ನು ಮನೆಗೆ ಕರೆತರಲು ಅರವತ್ತರ ದಶಕದಲ್ಲಿ ಸರಕಾರ ರಾಜ್ಯದೊಳಗೇ ತಯಾರಾದ ಚಿತ್ರಕ್ಕೆ ಸಹಾಯಧನ ಕೊಡತೊಡಗಿತು. 1966ರಲ್ಲಿ ಕಂಠೀರವ ಸ್ಟುಡಿಯೋ ಹುಟ್ಟಿತು. ಮುಂದೆ ಮನರಂಜನಾ ತೆರಿಗೆಯಲ್ಲಿ ರಿಯಾಯಿತಿ, ಆಮೇಲೆ ಪೂರ್ತಿ ಮಾಫಿ. ಉಪಾಯ ಫಲಿಸಿತು, ಚಿತ್ರೋದ್ಯಮ ಮನೆಗೆ ಬಂತು. ಆದರೆ ಹಜಾರದಲ್ಲೇ ಕೂತುಬಿಟ್ಟಿತು! ಗಡಿಯೊಳಗೆ ತೆಗೆದಿರಾ ಅಂತ ಕೇಳಿದರೇ ಹೊರತು, ಯಾವ ಊರಲ್ಲಿ ತೆಗೆದಿರಿ ಅಂತ ಕೇಳಲಿಲ್ಲ.

ಮಾಫಿಯ ದುಡ್ಡು ಆಕಾಶದಿಂದ ಉದುರಿದ್ದಲ್ಲ. ಬೊಕ್ಕಸಕ್ಕೆ ಹೋಗಬೇಕಾದ ಟಿಕೆಟ್ಟಿನ ಪಾಲು ಚಿತ್ರಮಂದಿರದ ಗಳಿಕೆಯಲ್ಲೇ ಉಳಿದು, ಹಂಚಿಕೆದಾರನ ಕೈದಾಟಿ ನಿರ್ಮಾಪಕನಿಗೂ ಮುಟ್ಟುತ್ತಿತ್ತು. ಆ ಟಿಕೆಟ್ ಕೊಂಡವರಲ್ಲಿ ಕಲಬುರಗಿಯ ಹುಡುಗನೂ ಇದ್ದ. ಅವನ ಊರಿಗೆ ಬಂದದ್ದು ಪೋಸ್ಟರ್ ಮಾತ್ರ. 1956ರ ನವೆಂಬರ್ 1ಕ್ಕೆ ಈ ಸೀಮೆ ಕನ್ನಡ ನಾಡಿಗೆ ಸೇರಿತು. ಹಿಂದಿ ಚಿತ್ರಗಳ ಹಂಚಿಕೆದಾರರ ನಕ್ಷೆಯಲ್ಲಿ ಮಾತ್ರ ಇವತ್ತಿಗೂ 'ನಿಜಾಮ್ ಏರಿಯಾ'!

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಹಳೇ ಮಾಫಿಯ ಕಥೆ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್ಟಿಗೆ ಶೇಕಡಾ 5, ಅದಕ್ಕೂ ಮೇಲಿದ್ದರೆ 18. ಈ ತೆರಿಗೆ ಭಾಷೆ ಕೇಳುವುದಿಲ್ಲ. ರಾಜ್ಯದ ಕೈಯಲ್ಲಿ ಉಳಿದ ದೊಡ್ಡ ಅಸ್ತ್ರ ಸಹಾಯಧನ. ಉತ್ತರ ಪ್ರದೇಶದವರು ಅದನ್ನು ಚಿತ್ರೀಕರಣದ ದಿನ ಎಣಿಸಿ ಕೊಡುತ್ತಾರೆ: ಅರ್ಧ ದಿನಗಳು ತಮ್ಮ ರಾಜ್ಯದಲ್ಲಾದರೆ ಇಷ್ಟು, ಮೂರರಲ್ಲಿ ಎರಡು ಪಾಲಾದರೆ ಇನ್ನಷ್ಟು. ಹಾಗೇ ಕಲಬುರಗಿಯಲ್ಲಿ ಕಳೆದ ದಿನಗಳಿಗೆ ಒಂದು ಪಟ್ಟು ಹೆಚ್ಚು ಕೊಡಿ, ನೋಡೋಣ! ಲಾಡ್ಜು, ಜೀಪು, ಅಡುಗೆಯವರು, ಜೂನಿಯರ್ ಕಲಾವಿದರು... ಎಷ್ಟು ಮನೆಯ ಒಲೆ ಉರಿದೀತು?

ಮಹಾಗಾಂವ್ ಕ್ರಾಸ್ ದಾಟಿತು. ಎರಡೂ ಕಡೆ ತೊಗರಿ ಹೊಲ. ಕಮಲಾಪುರದಲ್ಲಿ ಇಳಿದರೆ ಜಿಐ ಪಡೆದ ಕೆಂಪು ಬಾಳೆ, ಕಲರ್ ಚಿತ್ರಕ್ಕೆಂದೇ ಬಣ್ಣ ಬಳಿದಂತೆ! ಮಾರುವ ಹುಡುಗನಿಗೆ ನಾನು ಸಿನಿಮಾ ಪತ್ರಿಕೆಯವನೆಂದು ತಿಳಿಯಿತು. ತೂಕ ಮಾಡೋದು ಬಿಟ್ಟ.

"ನಮ್ ಮಾತು ಪಿಚ್ಚರ್‌ದಾಗ ಬಂದ್ರ ಬರೇ ನಗಸ್ಲಿಕ್ಕ ಯಾಕ್ರಿ ಸರ? ನಾವು ಅಳಂಗಿಲ್ಲೇನ್ರಿ?"

ಬೀದರ್ ಜಿಲ್ಲೆಯ ವೈಜನಾಥ ಬಿರಾದಾರರನ್ನು ನೆನೆದೆ. ವರ್ಷಗಟ್ಟಲೆ ಚಿಲ್ಲರೆ ಹಾಸ್ಯದ ಪಾತ್ರ. 2010ರ 'ಕನಸೆಂಬ ಕುದುರೆಯನೇರಿ'ಯಲ್ಲಿ ಗಿರೀಶ ಕಾಸರವಳ್ಳಿ ಅವರನ್ನು ನಾಯಕನಾಗಿ ನಿಲ್ಲಿಸಿದರು, ಸ್ಪೇನಿನವರು ಶ್ರೇಷ್ಠ ನಟನೆಂದು ಕರೆದರು. ಅಷ್ಟು ಹೇಳಿದೆ.

"ಅವ್ರೊಬ್ರ ಆದ್ರಲ್ರಿ" ಅಂದ. ನನ್ನ ಹತ್ತಿರ ಎರಡನೇ ಹೆಸರು ಸಿದ್ಧವಿರಲಿಲ್ಲ.

ವಾಪಸ್ ಬಸ್ಸು ಹಾರ್ನ್ ಹೊಡೆಯಿತು. ಹುಡುಗ ಎರಡು ಹಣ್ಣು ಹೆಚ್ಚಿಗೆ ಹಾಕಿ ಕಿಟಕಿಯವರೆಗೂ ಓಡಿಬಂದ: "ಯಾರರ ಬಂದ್ರ ಹೇಳ್ರಿ ಸರ, ನಮ್ದ ತ್ವಾಟ ಅದ. ಬಾಡಗಿ ಏನೂ ಬ್ಯಾಡ!"